ಯಾರ ನೋವಿಗೆ ಯಾರ ಒಳಿತು?: ಉಪಯುಕ್ತತಾ ನೀತಿ ಮತ್ತು ಕ್ರೈಸ್ತರ ದೇವರು

(ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸಕ್ಕೂ ನಾನು ಇವತ್ತು ಎತ್ತಿಕೊಂಡಿರುವ ವಿಷಯಕ್ಕೂ ಹಳೆಯ ನಂಟಿದೆ. ವಿಜ್ಞಾನಿ ರಾಬರ್ಟ್ ಬಾಯ್ಲ್ 1691ರಲ್ಲಿ ತೀರಿಕೊಂಡಾಗ, ಕ್ರೈಸ್ತ ಧರ್ಮವನ್ನು ಸಮರ್ಥಿಸುವ ಉಪನ್ಯಾಸಗಳು ಪ್ರತಿವರ್ಷ ನಡೆಯಲಿ ಎಂದು ವರ್ಷಕ್ಕೆ ಐವತ್ತು ಪೌಂಡ್ ಬರುವಂತೆ ಉಯಿಲು ಬರೆದಿಟ್ಟಿದ್ದ. ಆಮೇಲೆ ಜಾನ್ ಬ್ಯಾಂಪ್ಟನ್ ಎಂಬ ಪಾದ್ರಿಯ ಉಯಿಲಿನ ಹಣದಿಂದ ಆಕ್ಸ್‌ಫರ್ಡಿನಲ್ಲಿ 1780ರಿಂದ ಇನ್ನೊಂದು ಮಾಲೆ ನಡೆದುಕೊಂಡು ಬಂತು. 1858ರಲ್ಲಿ ಆ ಬ್ಯಾಂಪ್ಟನ್ ವೇದಿಕೆಯಲ್ಲಿ ಮಾತಾಡಿದವನು ಹೆನ್ರಿ ಮ್ಯಾನ್ಸೆಲ್. ದೇವರು ಅನಂತ, ನಮ್ಮ ಬುದ್ಧಿ ಮಿತವಾದದ್ದು. ಮನುಷ್ಯ ಮನುಷ್ಯರ ನಡುವೆ ನಾವು ಒಳ್ಳೆಯತನ ಎನ್ನುವುದನ್ನೇ ಅಳತೆಗೋಲು ಮಾಡಿಕೊಂಡು ದೇವರ ಒಳ್ಳೆಯತನವನ್ನು ಅಳೆಯಲು ಬರುವುದಿಲ್ಲ ಎಂಬುದು ಅವನ ವಾದದ ತಿರುಳು. ಏಳು ವರ್ಷಗಳ ನಂತರ ಜಾನ್ ಸ್ಟುವರ್ಟ್ ಮಿಲ್ ಇದಕ್ಕೆ ಖಾರವಾಗಿಯೇ ಉತ್ತರ ಕೊಟ್ಟ. ನೆರೆಹೊರೆಯವರ ವಿಷಯದಲ್ಲಿ ಬಳಸುವ ಅರ್ಥದಲ್ಲಿ ಒಳ್ಳೆಯವನಲ್ಲದವನನ್ನು ತಾನು ಒಳ್ಳೆಯವನೆಂದು ಕರೆಯುವುದಿಲ್ಲ. ಹಾಗೆ ಕರೆಯದ ತಪ್ಪಿಗೆ ನರಕವೇ ಶಿಕ್ಷೆಯಾದರೆ ಅದಕ್ಕೂ ಸಿದ್ಧ ಎಂದ.

ದೇವರನ್ನು ಸಮರ್ಥಿಸಲು ನಿಂತವನೊಬ್ಬ, ನಡತೆಯನ್ನು ಅದು ತರುವ ಒಟ್ಟು ಸುಖದಿಂದ ಅಳೆಯುವ ಉಪಯುಕ್ತತಾವಾದದ ಅತಿ ದೊಡ್ಡ ವಕ್ತಾರನೊಬ್ಬ. ಇವರ ಈ ಜಗಳವನ್ನು ನೋಡಿ, ಕ್ರೈಸ್ತ ನಂಬಿಕೆಯೂ ಉಪಯುಕ್ತತಾವಾದವೂ ಹುಟ್ಟಿನಿಂದ ವೈರಿಗಳು ಎಂದು ನಾವು ಪಾಠಪುಸ್ತಕದಲ್ಲಿ ಓದಿಕೊಂಡಿದ್ದೇವೆ. ಚರಿತ್ರೆ ಹಾಗಿಲ್ಲ. ಇವೆರಡೂ ಒಂದು ಕಾಲಕ್ಕೆ ಒಂದೇ ಮನೆಯಲ್ಲಿದ್ದವು. ಲೋಕದಲ್ಲಿ ಕೇಡು ಏಕಿದೆ ಎಂಬ ಪ್ರಶ್ನೆಗೆ ಕ್ರೈಸ್ತ ಪಂಡಿತರು ಕೊಟ್ಟ ಉತ್ತರಗಳಲ್ಲಿ ಬಹುಪಾಲು ದೇವರನ್ನೇ ಒಬ್ಬ ಉಪಯುಕ್ತತಾವಾದಿಯನ್ನಾಗಿ ಮಾಡಿದವು. ಉಪಯುಕ್ತತಾ ನೀತಿಗೆ ಎದುರಾಗುವ ಆಕ್ಷೇಪವೇ ಆ ಉತ್ತರಗಳಿಗೂ ಎದುರಾಗುತ್ತದೆ ಎಂಬುದು ನನ್ನ ಇವತ್ತಿನ ಮಾತು. ಕೇಡು ಎನ್ನುವಾಗ ಮನುಷ್ಯರು ಮಾಡುವ ದುಷ್ಟತನ, ಬರ ಭೂಕಂಪ ರೋಗಗಳಾಗಿ ಬಂದೆರಗುವ ಸಂಕಟ ಎರಡನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

1. ಒಂದೇ ಪುಸ್ತಕದ ಎರಡು ಭಾಗ

ಮುಂದೆ ಡಬ್ಲಿನ್ನಿನ ಆರ್ಚ್‌ಬಿಷಪ್ ಆದ ವಿಲಿಯಂ ಕಿಂಗ್ 1702ರಲ್ಲಿ ಕೇಡಿನ ಮೂಲವನ್ನು ಕುರಿತು ಲ್ಯಾಟಿನ್ನಿನಲ್ಲಿ ಒಂದು ಗ್ರಂಥ ಬರೆದ. ಲೈಬ್ನಿಟ್ಸ್ 1710ರ ತನ್ನ ದೈವಸಮರ್ಥನೆಯ ಕೃತಿಗೆ ಒಂದು ಅನುಬಂಧವನ್ನೇ ಸೇರಿಸಿ ಅದರ ಬಗ್ಗೆ ಚರ್ಚಿಸುವಷ್ಟು ಅದು ಹೆಸರು ಮಾಡಿತು. ಸೃಷ್ಟಿ ಎಂದ ಮೇಲೆ ಅಪೂರ್ಣತೆ ಇದ್ದೇ ಇರುತ್ತದೆ. ಕೇಡಿಲ್ಲದ ಲೋಕ ಸಾಧ್ಯವೇ ಇಲ್ಲದಿದ್ದಾಗ ದೇವರು ಇದ್ದುದರಲ್ಲಿ ಕಡಿಮೆ ಕೇಡಿನದನ್ನು ಆರಿಸಿಕೊಂಡ ಎಂಬುದು ಕಿಂಗ್ ಹಿಡಿದ ದಾರಿ. 1731ರಲ್ಲಿ ಕೇಂಬ್ರಿಡ್ಜಿನ ಎಡ್ಮಂಡ್ ಲಾ ಇದನ್ನು ಇಂಗ್ಲಿಷಿಗೆ ತಂದ. ಆ ಅನುವಾದದ ಮೊದಲಿಗೆ, ಸದ್ಗುಣದ ಮೂಲತತ್ತ್ವ ಏನು ಎಂಬ ಬಗ್ಗೆ ಜಾನ್ ಗೇ ಎಂಬ ಇನ್ನೊಬ್ಬ ಪಾದ್ರಿ ಬರೆದ ಪ್ರಬಂಧವೊಂದು ಅಚ್ಚಾಗಿತ್ತು. ಇವನು ಅದೇ ಹೆಸರಿನ ಕವಿಯಲ್ಲ.

ಗೇಯ ತರ್ಕ ಸರಳ. ದೇವರು ತನ್ನಲ್ಲಿ ತಾನು ಪರಿಪೂರ್ಣ ಸುಖಿ. ತನಗಾಗಿ ಅವನಿಗೆ ಏನೂ ಬೇಕಿಲ್ಲ. ಆದ್ದರಿಂದ ಮನುಷ್ಯರನ್ನು ಸೃಷ್ಟಿಸಿದ್ದು ಅವರ ಸುಖಕ್ಕಾಗಿಯೇ ಇರಬೇಕು. ಹಾಗಾದರೆ ದೇವರ ಇಚ್ಛೆ ಏನೆಂದು ತಿಳಿಯಲು ಮನುಷ್ಯಕುಲದ ಸುಖ ಯಾವುದರಿಂದ ಹೆಚ್ಚುತ್ತದೆ ಎಂದು ನೋಡಿದರೆ ಸಾಕು. ಇಂಗ್ಲೆಂಡಿನಲ್ಲಿ ಉಪಯುಕ್ತತಾ ನೀತಿಯನ್ನು ಮೊದಮೊದಲಿಗೆ ಇಷ್ಟು ಬಿಡಿಸಿ ಹೇಳಿದ ಬರಹಗಳಲ್ಲಿ ಇದೂ ಒಂದು. ಉಪಯುಕ್ತತಾವಾದದ ಸ್ಥಾಪಕನೆಂದು ಹೆಸರಾದ ಬೆಂಥಮ್ ಹುಟ್ಟಿದ್ದು ಇದಾದ ಹದಿನೇಳು ವರ್ಷಗಳಿಗೆ. ಕೇಡಿನ ಸಮಸ್ಯೆಯ ಗ್ರಂಥಕ್ಕೆ ಉಪಯುಕ್ತತಾವಾದವೇ ಮುನ್ನುಡಿಯಾಗಿ ಬಂದದ್ದು ಆಕಸ್ಮಿಕವಲ್ಲ. ಒಳಗಿನ ಗ್ರಂಥ ದೇವರ ನಡತೆಯನ್ನು ಒಟ್ಟು ಫಲದಿಂದ ಸಮರ್ಥಿಸುತ್ತಿತ್ತು. ಮುಂದಿದ್ದ ಪ್ರಬಂಧ ಮನುಷ್ಯರ ನಡತೆಯನ್ನೂ ಅದರಿಂದಲೇ ಅಳೆಯುತ್ತಿತ್ತು.

ಎಡ್ಮಂಡ್ ಲಾ ಮುಂದೆ ಕಾರ್ಲೈಲಿನ ಬಿಷಪ್ ಆದ. ಅವನ ಆಶ್ರಯದಲ್ಲಿ ಬೆಳೆದವನು ವಿಲಿಯಂ ಪೇಲಿ. 1785ರಲ್ಲಿ ಬಂದ ಪೇಲಿಯ ನೀತಿಶಾಸ್ತ್ರದ ಗ್ರಂಥ ಲಾನಿಗೇ ಅರ್ಪಿತವಾಗಿದೆ. ಅದು ಕೇಂಬ್ರಿಡ್ಜಿನಲ್ಲಿ ಬಹುಕಾಲ ಪಠ್ಯವಾಗಿತ್ತು. ಮನುಷ್ಯರಿಗೆ ಒಳಿತು ಮಾಡಬೇಕು, ಅದು ದೇವರ ಆಜ್ಞೆಯೆಂದು ಮಾಡಬೇಕು, ಫಲವಾಗಿ ನಿತ್ಯಸುಖ ದೊರೆಯುತ್ತದೆ. ಪೇಲಿಗೆ ಸದ್ಗುಣವೆಂದರೆ ಇಷ್ಟು. ಇದನ್ನು ಬರೀ ವ್ಯಾಪಾರ ಎಂದು ಹೀಗಳೆಯುವ ಮುಂಚೆ, ಅದೇ ಪುಸ್ತಕದಲ್ಲಿ ಅವನು ಗುಲಾಮರ ಮಾರಾಟವನ್ನು ನೇರವಾಗಿ ಖಂಡಿಸಿದ್ದ ಎಂಬುದನ್ನೂ ನೆನೆಯಬೇಕು.

ಪೇಲಿಯ ಇನ್ನೊಂದು ಪ್ರಸಿದ್ಧ ಕೃತಿ 1802ರದ್ದು. ಗಡಿಯಾರ ಕಂಡರೆ ಗಡಿಯಾರ ಮಾಡಿದವನೊಬ್ಬ ಇದ್ದಾನೆಂದು ಊಹಿಸುವಂತೆ ಕಣ್ಣು, ಕೀಲು, ನರಗಳ ರಚನೆ ನೋಡಿ ಸೃಷ್ಟಿಕರ್ತನನ್ನು ಊಹಿಸುವ ವಾದ ಅದು. ಅದರ ಕೊನೆಯ ಭಾಗದಲ್ಲಿ ದೇವರ ಒಳ್ಳೆಯತನಕ್ಕೆ ಪುರಾವೆ ಕೊಡಲು ಹೊರಟ ಪೇಲಿ, ಜೀವಿಗಳ ರಚನೆಗಳಲ್ಲಿ ಬಹುಪಾಲು ಹಿತಕ್ಕಾಗಿಯೇ ಇವೆ, ಹಲ್ಲನ್ನು ಮಾಡಿದ್ದು ಅಗಿಯುವುದಕ್ಕೇ ಹೊರತು ನೋಯುವುದಕ್ಕಲ್ಲ ಎಂದು ವಾದಿಸುತ್ತಾನೆ. ಸುಖವನ್ನು ಒಂದು ಕಡೆ, ದುಃಖವನ್ನು ಇನ್ನೊಂದು ಕಡೆ ಬರೆದು ಕೂಡಿ ಕಳೆದು, ಉಳಿಕೆ ಸುಖದ ಕಡೆಗಿದೆ ಎಂದು ಖಾತೆ ಮುಚ್ಚುತ್ತಾನೆ. ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ಅವನು ಕೇಳಲಿಲ್ಲ.

2. ಲಿಸ್ಬನ್, ಮತ್ತು ಹಸಿವು ಕಂಡವನ ಸಿಟ್ಟು

ಪೇಲಿಗಿಂತ ಮುಂಚೆಯೇ ಇಂಥ ಖಾತೆಗಳ ಮೇಲೆ ಯೂರೋಪಿನವರಿಗೆ ಅನುಮಾನ ಹುಟ್ಟಿತ್ತು. 1755ರ ನವೆಂಬರ್ 1, ಸಕಲ ಸಂತರ ಹಬ್ಬ. ಬೆಳಗಿನ ಪೂಜೆಗೆ ಜನ ಲಿಸ್ಬನ್ ನಗರದ ಚರ್ಚುಗಳಲ್ಲಿ ಕಿಕ್ಕಿರಿದಿದ್ದಾಗ ನೆಲ ನಡುಗಿತು. ಬದುಕುಳಿದವರು ನದಿದಂಡೆಗೆ ಓಡಿದರು. ಅಲ್ಲಿ ಸಮುದ್ರ ಏರಿ ಬಂತು. ಹಬ್ಬಕ್ಕೆ ಹಚ್ಚಿಟ್ಟ ಮೇಣದಬತ್ತಿಗಳಿಂದ, ಒಲೆಗಳಿಂದ ಎದ್ದ ಬೆಂಕಿ ದಿನಗಟ್ಟಲೆ ಉರಿಯಿತು. ವಾಲ್ಟೇರ್ ಮೊದಲು ಒಂದು ಕವಿತೆ ಬರೆದ, 1759ರಲ್ಲಿ ‘ಕಾಂದೀದ್’ ಬರೆದು, ಸಾಧ್ಯವಿದ್ದ ಲೋಕಗಳಲ್ಲೆಲ್ಲ ಇದೇ ಅತ್ಯುತ್ತಮ ಎಂಬ ಲೈಬ್ನಿಟ್ಸನ ಆಶಾವಾದವನ್ನು ನಗೆಪಾಟಲು ಮಾಡಿದ. ರೂಸೋ ಮಾತ್ರ, ಆರೇಳು ಅಂತಸ್ತಿನ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ದೇವರಲ್ಲ, ಮನುಷ್ಯರು ಎಂದು ವಾಲ್ಟೇರನಿಗೆ ಪತ್ರ ಬರೆದ. ಪ್ರಕೃತಿಯ ಕೇಡು ಎನ್ನುವುದರಲ್ಲಿ ಮನುಷ್ಯರ ಕೈವಾಡ ಎಷ್ಟು ಎಂದು ಕೇಳಿದ ಮೊದಲಿಗರಲ್ಲಿ ರೂಸೋ ಒಬ್ಬ.

ಲಿಸ್ಬನ್ನಿನ ಕತೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 1757ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಪುಸ್ತಕ ವಿಮರ್ಶೆ. ಸೋಮ್ ಜೆನಿನ್ಸ್ ಎಂಬ ಉಳ್ಳವರ ಮನೆಯ ಪಾರ್ಲಿಮೆಂಟ್ ಸದಸ್ಯ ಕೇಡಿನ ಮೂಲ ಕುರಿತು ಒಂದು ಪುಸ್ತಕ ಬರೆದಿದ್ದ. ಬಿಡಿಬಿಡಿಯಾಗಿ ಕೇಡಾಗಿ ಕಂಡದ್ದು ಒಟ್ಟು ವ್ಯವಸ್ಥೆಗೆ ಬೇಕಾದದ್ದೇ ಎನ್ನುತ್ತಾನೆ ಅವನು. ಬಡವರಿಗೆ ಅಜ್ಞಾನವೇ ಅಫೀಮು, ಅದನ್ನು ಕಿತ್ತುಕೊಳ್ಳಬಾರದು. ನಾವು ಪ್ರಾಣಿಗಳನ್ನು ನಮ್ಮ ಉಪಯೋಗಕ್ಕೂ ವಿನೋದಕ್ಕೂ ಬಳಸುವಂತೆ, ನಮಗಿಂತ ಮೇಲಿನ ಯಾವುದೋ ಜೀವಿಗಳು ನಮ್ಮ ನೋವಿನಿಂದ ಏನೋ ಪ್ರಯೋಜನ ಪಡೆಯುತ್ತಿರಬಹುದು ಎಂದೂ ಊಹಿಸುತ್ತಾನೆ.

ವಿಮರ್ಶೆ ಬರೆದವನು ಸ್ಯಾಮ್ಯುಯೆಲ್ ಜಾನ್ಸನ್. ಫೀಸಿಗೆ ಹಣವಿಲ್ಲದೆ ಆಕ್ಸ್‌ಫರ್ಡ್ ಬಿಟ್ಟವನು, ಹಿಂದಿನ ವರ್ಷ 1756ರಲ್ಲಿ ಸಾಲಕ್ಕಾಗಿ ಬಂಧನವನ್ನೂ ಕಂಡವನು. ಅವನು ನಾಸ್ತಿಕನಲ್ಲ, ದೈವಭೀರುವಾದ ಕ್ರೈಸ್ತ. ಬಡತನದ ಬಗ್ಗೆ ಜೆನಿನ್ಸ್ ಬರೆದದ್ದನ್ನು ಸಾಲುಸಾಲಾಗಿ ಹಿಡಿದು, ಬಡತನವನ್ನು ಕಾಣದವನು ಅದರ ಬಗ್ಗೆ ಬರೆಯುವುದು ಹೇಗಿರುತ್ತದೆಂದು ತೋರಿಸಿದ. ಮೇಲಿನ ಜೀವಿಗಳ ಊಹೆಗೆ ಬಂದಾಗ ಅವನ ಬರಹ ಉರಿಯುತ್ತದೆ: ಉಬ್ಬಸದಿಂದ ಏದುಸಿರು ಬಿಡುವವನನ್ನು ಆ ಜೀವಿಗಳು ಪ್ರಯೋಗಶಾಲೆಯ ಗಾಳಿಪಂಪಿನಂತೆ ನೋಡಿ ಖುಷಿಪಡುತ್ತವೇನೋ, ಹೊಟ್ಟೆಯುಬ್ಬರದ ರೋಗಿ ಅವುಗಳಿಗೆ ಆಟದ ಕಪ್ಪೆಯೇನೋ ಎಂದು ಕುಟುಕುತ್ತಾನೆ. ಒಟ್ಟು ವ್ಯವಸ್ಥೆಗೆ ಒಳ್ಳೆಯದು ಎಂಬ ಮಾತನ್ನು ನರಳುವವನ ಬಾಯಿಂದ ಕೇಳಿಸಿದರೆ ಅದು ಹೇಗೆ ಕೇಳುತ್ತದೆ ಎಂಬುದೇ ಜಾನ್ಸನ್ ಒಡ್ಡಿದ ಪರೀಕ್ಷೆ. ದೇವರಲ್ಲಿ ನಂಬಿಕೆ ಇಟ್ಟವನೊಬ್ಬ ದೇವರ ಪರವಾದ ವಾದವನ್ನು ಅನೈತಿಕವೆಂದು ತಳ್ಳಿದ ಈ ನಿದರ್ಶನ ಮುಂದೆ ಮತ್ತೆ ಬೇಕಾಗುತ್ತದೆ.

3. ತಂದೆ ಮಿಲ್, ಮಗ ಮಿಲ್

ಮನೆ ಒಡೆದು ಪಾಲಾದದ್ದು ಬೆಂಥಮ್ ಕಾಲಕ್ಕೆ. 1789ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಸುಖದುಃಖಗಳ ಅಳತೆ ಇದೆ, ಅದಕ್ಕೆ ದೇವರ ಆಸರೆ ಬೇಕಿಲ್ಲ. ಅವನ ಬಳಗಕ್ಕೆ ಸೇರಿದ, ಜಾನ್ ಸ್ಟುವರ್ಟ್ ಮಿಲ್‌ನ ತಂದೆ ಜೇಮ್ಸ್ ಮಿಲ್ ಮಾತ್ರ ಬೇರೆ ದಾರಿಯಿಂದ ಬಂದವನು. ಸ್ಕಾಟ್ಲೆಂಡಿನ ಚರ್ಚು 1798ರಲ್ಲಿ ಅವನಿಗೆ ಬೋಧಿಸುವ ಅಧಿಕಾರ ಪತ್ರವನ್ನೇ ಕೊಟ್ಟಿತ್ತು. ಅವನು ಧರ್ಮ ತೊರೆದದ್ದು ವಿಜ್ಞಾನದ ಕಾರಣಕ್ಕಲ್ಲ. ಇಷ್ಟು ಕೇಡು ತುಂಬಿದ ಲೋಕವನ್ನು ಅಪಾರ ಶಕ್ತಿಯೂ ಪರಿಪೂರ್ಣ ಒಳ್ಳೆಯತನವೂ ಇರುವ ಒಬ್ಬನು ಮಾಡಿದ ಎಂದು ನಂಬಲಾರದೆ ತೊರೆದ. ಇದನ್ನು 1873ರಲ್ಲಿ ಬಂದ ತನ್ನ ಆತ್ಮಕತೆಯಲ್ಲಿ ಮಗ ಹೇಳುತ್ತಾನೆ. ತಂದೆಯ ನಿರಾಕರಣೆ ಬುದ್ಧಿಯದಕ್ಕಿಂತ ಹೆಚ್ಚಾಗಿ ನೀತಿಯದಾಗಿತ್ತು ಎಂಬುದು ಅವನ ಅಭಿಪ್ರಾಯ.

ಮಗ ಇನ್ನೂ ಸೂಕ್ಷ್ಮವಾಗಿ ಯೋಚಿಸಿದ. ಯೇಸುವಿನ ಉಪದೇಶದ ಬಗ್ಗೆ ಅವನಿಗೆ ಗೌರವವಿತ್ತು. ನಮಗೆ ಇತರರು ಏನು ಮಾಡಬೇಕೆಂದು ಬಯಸುತ್ತೇವೋ ಅದನ್ನೇ ಇತರರಿಗೆ ಮಾಡಬೇಕೆಂಬ ಬೋಧನೆಯಲ್ಲಿ ಉಪಯುಕ್ತತಾ ನೀತಿಯ ಜೀವಾಳವೇ ಇದೆ ಎಂದ. ಆದರೆ ಅವನ ಮರಣದ ನಂತರ, 1874ರಲ್ಲಿ, ಮಲಮಗಳು ಹೆಲೆನ್ ಟೇಲರ್ ಪ್ರಕಟಿಸಿದ ಧರ್ಮ ಕುರಿತ ಮೂರು ಪ್ರಬಂಧಗಳಲ್ಲಿ ಪೇಲಿಯ ಬುಡಕ್ಕೇ ಕೈಹಾಕುವ ವಾದವೊಂದಿದೆ. ಉಪಾಯ ಹೂಡುವವನು ಯಾರು? ನೇರವಾಗಿ ಕೆಲಸ ಸಾಧಿಸಲಾರದವನು. ಗೋಡೆಯಾಚೆ ನೋಡಬಲ್ಲವನಿಗೆ ಏಣಿ ಏಕೆ? ಲೋಕದ ತುಂಬ ಉಪಾಯಗಳೇ ಕಾಣುತ್ತವೆ ಎಂದರೆ, ಅದನ್ನು ಮಾಡಿದವನ ಶಕ್ತಿಗೆ ಮಿತಿ ಇದೆ ಎಂದಾಗುತ್ತದೆ. ಆದ್ದರಿಂದ ಮಿಲ್ ಸರ್ವಶಕ್ತ ದೇವರನ್ನು ಬಿಟ್ಟುಕೊಟ್ಟು, ಒಳ್ಳೆಯವನೂ ಶಕ್ತಿಯಲ್ಲಿ ಮಿತನೂ ಆದ, ಮನುಷ್ಯರ ನೆರವು ಬೇಕಾಗುವ ದೇವರಿರಬಹುದು ಎಂಬಲ್ಲಿಗೆ ಬಂದು ನಿಂತ.

ಈ ವಾದದ ಮೊನೆ ಪೇಲಿಗಷ್ಟೇ ಅಲ್ಲ, ಕಿಂಗ್‌ನಿಂದ ಹಿಡಿದು ಒಟ್ಟು ಒಳಿತಿನ ಹೆಸರಿನಲ್ಲಿ ದೇವರನ್ನು ಸಮರ್ಥಿಸಿದ ಎಲ್ಲರಿಗೂ ತಾಗುತ್ತದೆ. ಎರಡು ಕೇಡುಗಳಲ್ಲಿ ಸಣ್ಣದನ್ನು ಆರಿಸಿಕೊಂಡೆ ಎನ್ನುವುದು ಕೈಯಲ್ಲಿ ಹಣ, ಸಮಯ, ಸಾಮಗ್ರಿ ಸಾಲದ ಅಧಿಕಾರಿಯ ಸಮಜಾಯಿಷಿ. ಆಸ್ಪತ್ರೆಯಲ್ಲಿ ಹಾಸಿಗೆ ಹತ್ತು, ರೋಗಿಗಳು ನೂರು ಎಂದಾಗ ವೈದ್ಯರು ಲೆಕ್ಕ ಹಾಕಲೇಬೇಕು. ಅವರನ್ನು ಯಾರೂ ದೂರುವುದಿಲ್ಲ. ಹಾಸಿಗೆಗಳನ್ನು ಎಷ್ಟು ಬೇಕಾದರೂ ಸೃಷ್ಟಿಸಬಲ್ಲವನು ಅದೇ ಸಮಜಾಯಿಷಿ ಕೊಟ್ಟರೆ ಒಪ್ಪುವುದು ಹೇಗೆ?

4. ಬಳ್ಳಾರಿಯ ಒಂದು ಪೌಂಡ್ ಧಾನ್ಯ

ಲೆಕ್ಕ ಹಾಕುವ ಅಧಿಕಾರಿಯ ಮಾತು ಬಂದದ್ದರಿಂದ ನಮ್ಮ ನಾಡಿನ ಒಂದು ಘಟನೆಗೆ ಬರುತ್ತೇನೆ. ಇಂಗ್ಲೆಂಡಿನ ಈ ವಿಚಾರಧಾರೆ ಪುಸ್ತಕದಲ್ಲೇ ಉಳಿಯಲಿಲ್ಲ. ಜೇಮ್ಸ್ ಮಿಲ್ 1819ರಿಂದ, ಮಗ ಮಿಲ್ 1823ರಿಂದ 1858ರವರೆಗೆ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ನೌಕರರಾಗಿದ್ದರು. ಕಂಪನಿಯ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದವನು ಪಾದ್ರಿ ಮಾಲ್ತಸ್. ಅವನ 1798ರ ಜನಸಂಖ್ಯಾ ಪ್ರಬಂಧದ ಕೊನೆಯ ಎರಡು ಅಧ್ಯಾಯಗಳು ಅಪ್ಪಟ ದೈವಸಮರ್ಥನೆ: ಹಸಿವು ಮತ್ತು ಕೊರತೆ ಇಲ್ಲದಿದ್ದರೆ ಮನುಷ್ಯನ ಮನಸ್ಸು ಜಡವಾಗಿ ಬಿದ್ದಿರುತ್ತಿತ್ತು, ಅದನ್ನು ಎಬ್ಬಿಸಲೆಂದೇ ದೇವರು ಕೇಡನ್ನಿಟ್ಟ ಎನ್ನುವ ವಾದ. ಮುಂದಿನ ಆವೃತ್ತಿಗಳಲ್ಲಿ ಆ ಅಧ್ಯಾಯಗಳು ಇಲ್ಲ.

 ನಾನು ಹೇಳಹೊರಟ ಘಟನೆ ಬಳ್ಳಾರಿಯದು. ಆ ಸೀಮೆ 1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮದ್ರಾಸ್ ಪ್ರಾಂತದ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದಾಯಿತು. ಪಕ್ಕದ ಮೈಸೂರಿನಲ್ಲಿ 1871ರ ಖಾನೆಷುಮಾರಿ 50 ಲಕ್ಷ ದಾಟಿದ ಜನರನ್ನು ತೋರಿಸಿತ್ತು. 1881ರಲ್ಲಿ ಸಿಕ್ಕಿದ್ದು 42 ಲಕ್ಷ.

1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ ಬರ ಪರಿಹಾರದ ವೆಚ್ಚ ತಗ್ಗಿಸಲು ಸರ್ ರಿಚರ್ಡ್ ಟೆಂಪಲ್‌ನನ್ನು ಕಳಿಸಿದ. ಟೆಂಪಲ್ ಕೂಡ ಹೇಲಿಬರಿಯಲ್ಲಿ ಕಲಿತವನೇ, ಮಾಲ್ತಸ್ ತೀರಿಕೊಂಡ ಮೇಲೆ. 1874ರಲ್ಲಿ ಬಿಹಾರದ ಬರಕ್ಕೆ ಬರ್ಮಾದಿಂದ ಅಕ್ಕಿ ತರಿಸಿ ಸಾವುಗಳನ್ನು ತಡೆದು, ದುಂದುವೆಚ್ಚ ಮಾಡಿದನೆಂದು ಬೈಸಿಕೊಂಡಿದ್ದ. ಈ ಸಲ ಅವನು ಕಾಮಗಾರಿಯಲ್ಲಿ ಇಡೀ ದಿನ ದುಡಿಯುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಜೊತೆಗೆ ಒಂದಾಣೆ ಎಂದು ನಿಗದಿ ಮಾಡಿದ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಬೊಕ್ಕಸ ಉಳಿದರೆ ನಾಳಿನ ಬರಕ್ಕೆ ಹಣವಿರುತ್ತದೆ, ಧಾರಾಳವಾಗಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬುದು ಆಳುವವರ ತರ್ಕ. ಅದರಲ್ಲಿ ಮಾಲ್ತಸನ ದನಿ ಕೇಳಿಸಿದರೆ ಆಶ್ಚರ್ಯವಿಲ್ಲ.

ಮದ್ರಾಸಿನ ಆರೋಗ್ಯ ಕಮಿಷನರ್ ಆಗಿದ್ದ ಡಾಕ್ಟರ್ ಕಾರ್ನಿಷ್ ಇದನ್ನು ಎದುರಿಸಿದ. ಮಣ್ಣು ಹೊರುವ ಮನುಷ್ಯನ ಶರೀರ ಇಷ್ಟರಲ್ಲಿ ನಿಲ್ಲುವುದಿಲ್ಲ, ಬೇಳೆ ಬೇಕು, ಧಾನ್ಯ ಹೆಚ್ಚಬೇಕು ಎಂದು ವರದಿಯ ಮೇಲೆ ವರದಿ ಬರೆದ. ಕೆಲವೇ ತಿಂಗಳಲ್ಲಿ ಮದ್ರಾಸ್ ಸರ್ಕಾರ ಪಡಿಯನ್ನು ಅವನ ಸಲಹೆಯತ್ತ ಅರ್ಧದಷ್ಟಾದರೂ ಏರಿಸಿತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕಾರ್ನಿಷನ ಆಯುಧವೂ ಅಂಕಿಸಂಖ್ಯೆಯೇ. ಟೆಂಪಲ್ ಎಣಿಸಿದ, ಕಾರ್ನಿಷ್ ಕೂಡ ಎಣಿಸಿದ. ಒಬ್ಬನ ಎಣಿಕೆಯಲ್ಲಿ ಮುಂದಿದ್ದ ಕೂಲಿಯ ದೇಹ ಇನ್ಯಾರದೋ ಅನುಕೂಲಕ್ಕೆ ಕಳೆಯಬಹುದಾದ ಬಾಬತ್ತು. ಇನ್ನೊಬ್ಬನ ಎಣಿಕೆ ಆ ದೇಹದಿಂದಲೇ ಶುರುವಾಯಿತು.

ಉಪಯುಕ್ತತಾವಾದಕ್ಕೆ ನ್ಯಾಯ ಸಲ್ಲಿಸಲೆಂದೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಬೆಂಥಮ್ ಪ್ರಾಣಿಗಳ ನೋವನ್ನೂ ನೀತಿಯ ಲೆಕ್ಕಕ್ಕೆ ತಂದ. ಮಿಲ್ 1867ರಲ್ಲಿ ಹೆಂಗಸರ ಮತದ ಹಕ್ಕಿಗಾಗಿ ಪಾರ್ಲಿಮೆಂಟಿನಲ್ಲಿ ತಿದ್ದುಪಡಿ ಮಂಡಿಸಿದ. ಎಣಿಕೆಗೇ ಬಾರದಿದ್ದವರನ್ನು ಎಣಿಕೆಗೆ ತಂದದ್ದು ಆ ಪಂಥದ ದೊಡ್ಡ ಸಾಧನೆ. ತಕರಾರು ಇರುವುದು ಎಣಿಸುವುದರ ಬಗ್ಗೆ ಅಲ್ಲ; ಒಬ್ಬನ ಸಂಕಟವನ್ನು ಇನ್ನೊಬ್ಬನ ಸುಖಕ್ಕೆ ವಜಾ ಹಾಕಿ ಲೆಕ್ಕ ಚುಕ್ತಾ ಎನ್ನುವುದರ ಬಗ್ಗೆ.

5. ಇವಾನನ ಪ್ರಶ್ನೆ

ಬಳ್ಳಾರಿಯ ಬರ ಮುಗಿದ ಮರುವರ್ಷ, 1879ರಲ್ಲಿ, ರಷ್ಯಾದ ಪತ್ರಿಕೆಯೊಂದರಲ್ಲಿ ‘ಕರಮಜೋವ್ ಸಹೋದರರು’ ಕಾದಂಬರಿ ಧಾರಾವಾಹಿಯಾಗಿ ಬರತೊಡಗಿತು. ಅದರಲ್ಲಿ ಇವಾನ್ ತನ್ನ ತಮ್ಮ, ಮಠದಲ್ಲಿರುವ ಅಲ್ಯೋಷನಿಗೆ ಮಕ್ಕಳ ನೋವಿನ ಕತೆಗಳನ್ನು ಒಂದೊಂದಾಗಿ ಹೇಳುತ್ತಾನೆ. ಜಮೀನ್ದಾರನ ನಾಯಿಯ ಕಾಲಿಗೆ ಕಲ್ಲು ತಾಗಿಸಿದ ಎಂಟು ವರ್ಷದ ಹುಡುಗನನ್ನು ತಾಯಿಯ ಕಣ್ಣೆದುರೇ ನಾಯಿಗಳಿಗೆ ಬಿಟ್ಟ ಕತೆ ಅವುಗಳಲ್ಲೊಂದು. ಕಾಲಾಂತ್ಯದಲ್ಲಿ ಎಲ್ಲವೂ ಸರಿಹೋಗಿ, ಎಲ್ಲರೂ ಒಂದಾಗಿ ದೇವರನ್ನು ಕೊಂಡಾಡುತ್ತಾರೆ ಎಂದೇ ಇಟ್ಟುಕೊಳ್ಳೋಣ, ಆ ಸಾಮರಸ್ಯಕ್ಕೆ ಈ ಹುಡುಗನ ನೋವು ಬೆಲೆಯಾಗಿ ಬೇಕಿತ್ತು ಎಂದಾದರೆ ನನಗೆ ಅದು ಬೇಡ ಎನ್ನುತ್ತಾನೆ. ಆಮೇಲೆ ತಮ್ಮನನ್ನೇ ಕೇಳುತ್ತಾನೆ: ಒಂದೇ ಒಂದು ಮಗುವನ್ನು ಹಿಂಸಿಸಿದರೆ ಮನುಷ್ಯಕುಲಕ್ಕೆಲ್ಲ ಶಾಶ್ವತ ಸುಖ ಸಿಗುತ್ತದೆ ಎಂದಾದರೆ, ಆ ಕಟ್ಟಡವನ್ನು ನೀನು ಕಟ್ಟುತ್ತೀಯಾ? ಭಕ್ತನಾದ ಅಲ್ಯೋಷ ಇಲ್ಲ ಎನ್ನುತ್ತಾನೆ.

ಈ ಒಂದು ಪ್ರಶ್ನೆ ಇಬ್ಬರನ್ನು ಒಟ್ಟಿಗೇ ಕಟಕಟೆಗೆ ತರುತ್ತದೆ. ನೀತಿಶಾಸ್ತ್ರದ ತರಗತಿಯಲ್ಲಿ ಇದನ್ನು ಉಪಯುಕ್ತತಾವಾದದ ವಿರುದ್ಧ ಬಳಸುತ್ತೇವೆ. ಧರ್ಮತತ್ತ್ವದ ತರಗತಿಯಲ್ಲಿ ದೇವರ ವಿರುದ್ಧ ಬಳಸುತ್ತೇವೆ. ಕಾದಂಬರಿಯಲ್ಲಿ ಅದು ಒಂದೇ ಪ್ರಶ್ನೆ. ಮನುಷ್ಯನೊಬ್ಬ ಹಾಗೆ ಕಟ್ಟಿದರೆ ಅಧರ್ಮ ಎಂದು ಒಪ್ಪುವವರು, ದೇವರು ಹಾಗೆಯೇ ಕಟ್ಟಿದ್ದಾನೆ ಎಂದು ಹೇಳಿ ಅವನನ್ನು ಹೊಗಳುವುದು ಸಾಧ್ಯವಿಲ್ಲ. ಹಾಗೆಯೇ, ಮೊತ್ತ ನೋಡಿ ದೇವರನ್ನು ದೂರುವ ಉಪಯುಕ್ತತಾವಾದಿಗೂ ಇಲ್ಲಿ ಬಿಡುಗಡೆಯಿಲ್ಲ. ನಾಳೆ ಯಾರಾದರೂ ಒಟ್ಟು ಮೊತ್ತ ಸುಖದ ಕಡೆಗೇ ಇದೆ ಎಂದು ಸಾಧಿಸಿ ತೋರಿಸಿದರೆ, ತನ್ನ ತತ್ತ್ವದ ಪ್ರಕಾರ ಅವನು ಆ ಹುಡುಗನ ವಿಷಯದಲ್ಲಿ ಸುಮ್ಮನಾಗಬೇಕಾಗುತ್ತದೆ. ನಿಯಮಗಳ ಉಪಯುಕ್ತತೆ, ಹಕ್ಕುಗಳ ಉಪಯುಕ್ತತೆ ಎಂದು ಆ ಪಂಥದವರು ಮಾಡಿಕೊಂಡ ತಿದ್ದುಪಡಿಗಳೆಲ್ಲ ಈ ಇಕ್ಕಟ್ಟಿನಿಂದ ಪಾರಾಗುವ ಪ್ರಯತ್ನಗಳೇ. ಮಿಲ್ ಉಪಯುಕ್ತತಾವಾದ ಕುರಿತ ತನ್ನ ಗ್ರಂಥದ ಕೊನೆಯ ಅಧ್ಯಾಯವನ್ನು ಪೂರ್ತಿ ನ್ಯಾಯದ ಚರ್ಚೆಗೆ ಮೀಸಲಿಟ್ಟದ್ದೂ ಇದಕ್ಕೇ.

6. ಧರ್ಮಗ್ರಂಥ ಯಾರ ಪರ?

ಒಟ್ಟು ಒಳಿತಿನ ವಾದ ಕ್ರೈಸ್ತ ಪಂಡಿತರದ್ದು ನಿಜ. ಕ್ರೈಸ್ತ ಧರ್ಮಗ್ರಂಥದ್ದೂ ಹೌದೇ? ಬೈಬಲ್ಲಿನಲ್ಲಿ ಉಪಯುಕ್ತತಾವಾದದ ಅತಿ ಸ್ಪಷ್ಟವಾದ ಮಾತು ಇರುವುದು ಯೋಹಾನನ ಸುವಾರ್ತೆಯಲ್ಲಿ. ಅದನ್ನು ಆಡುವವನು ಪ್ರಧಾನ ಯಾಜಕ ಕಾಯಫ. ಇಡೀ ಜನಾಂಗ ಹಾಳಾಗುವ ಬದಲು ಒಬ್ಬನು ಸತ್ತರೆ ಲೇಸು ಎಂಬ ಸಲಹೆ ಕೊಟ್ಟು ಅವನು ಯೇಸುವಿನ ಮರಣಕ್ಕೆ ದಾರಿ ಮಾಡುತ್ತಾನೆ. ಸುವಾರ್ತೆಯ ಕರ್ತೃ ಆ ಮಾತಿನಲ್ಲಿ ಅವನಿಗೇ ತಿಳಿಯದ ಪ್ರವಾದನೆಯನ್ನು ಕಾಣುತ್ತಾನೆ, ಸರಿ. ಆದರೂ ಕಾಯಫನನ್ನು ಯಾವ ಕ್ರೈಸ್ತನೂ ನೀತಿಯ ಗುರುವೆಂದು ಒಪ್ಪಿಲ್ಲ. ಒಳಿತಾಗಲೆಂದು ಕೆಟ್ಟದ್ದನ್ನು ಮಾಡೋಣ ಎಂಬ ವಾದವನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಖಂಡತುಂಡವಾಗಿ ತಳ್ಳುತ್ತಾನೆ. ನೂರರಲ್ಲಿ ಒಂದು ಕುರಿ ಕಳೆದರೆ ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕುವ ಕುರುಬನ ದೃಷ್ಟಾಂತವಂತೂ ಯಾವ ಬೆಂಥಮನ ಕೋಷ್ಟಕಕ್ಕೂ ಹೊಂದುವುದಿಲ್ಲ.

ಕೇಡಿಗೆ ಕಾರಣ ಹೇಳಿ ಎಂದು ಜನ ಯೇಸುವನ್ನು ಕೇಳಿದ ಸಂದರ್ಭಗಳೂ ಇವೆ. ಸಿಲೋವದ ಬುರುಜು ಬಿದ್ದು ಹದಿನೆಂಟು ಜನ ಸತ್ತದ್ದನ್ನು ಲೂಕನ ಸುವಾರ್ತೆ ಹೇಳುತ್ತದೆ. ಸತ್ತವರು ಬೇರೆಯವರಿಗಿಂತ ಪಾಪಿಗಳಾಗಿದ್ದರೆಂಬ ಊಹೆಯನ್ನು ಯೇಸು ಅಲ್ಲಗಳೆಯುತ್ತಾನೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದ್ದು ಇವನೋ ಇವನ ಹೆತ್ತವರೋ ಎಂದು ಕೇಳುತ್ತಾರೆ. ಕರ್ಮಸಿದ್ಧಾಂತದ ಹಿನ್ನೆಲೆಯ ನಮಗೆ ಈ ಪ್ರಶ್ನೆ ಚೆನ್ನಾಗಿ ಗೊತ್ತು. ಕರ್ಮವಾದದಲ್ಲಿ ಒಂದು ಗುಣವಿದೆ: ಅವರವರ ನೋವಿನ ಲೆಕ್ಕ ಅವರವರದೇ, ಒಬ್ಬನ ನೋವನ್ನು ಇನ್ನೊಬ್ಬನ ಸುಖಕ್ಕೆ ವಜಾ ಹಾಕುವುದಿಲ್ಲ. ಇವಾನನ ಆಕ್ಷೇಪ ಅದಕ್ಕೆ ನೇರವಾಗಿ ತಾಗದು. ಆದರೆ ನರಳುವವನಿಗೆ ಇದು ನಿನ್ನದೇ ಬಾಕಿ ಎಂದು ಹೇಳುವ ಕ್ರೌರ್ಯ ಅದಕ್ಕೆ ಅಂಟಿಕೊಂಡಿದೆ. ಯೇಸು ಆ ದಾರಿಯನ್ನೂ ಹಿಡಿಯದೆ, ಇವನೂ ಅಲ್ಲ ಹೆತ್ತವರೂ ಅಲ್ಲ ಎನ್ನುತ್ತಾನೆ. ದೇವರ ಕಾರ್ಯ ಇವನಲ್ಲಿ ತೋರಿಬರಲೆಂದು ಎಂದು ಮುಂದೆ ಹೇಳುವ ಮಾತಿನಲ್ಲಿ ಉಪಾಯದ ವಾಸನೆ ಇದೆ ಎಂದು ಯಾರಾದರೂ ಆಕ್ಷೇಪಿಸಬಹುದು, ಆಕ್ಷೇಪ ಸುಳ್ಳಲ್ಲ. ಆದರೆ ಕತೆಯಲ್ಲಿ ಆ ಕಾರ್ಯ ನಡೆಯುವುದು ಆ ಕುರುಡನಿಗಾಗಿಯೇ, ಅವನ ಕಣ್ಣಿನಲ್ಲೇ.

ಯೋಬನ ಗ್ರಂಥದಲ್ಲಿ ಈ ಎಳೆ ಇನ್ನೂ ಗಟ್ಟಿ. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಹೋದ ಯೋಬನ ಬಳಿಗೆ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕೂರುತ್ತಾರೆ. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರು. ಬಾಯಿ ತೆರೆದು ದೇವರನ್ನು ಸಮರ್ಥಿಸತೊಡಗಿದ ಮೇಲೆ ಕೆಡುತ್ತಾರೆ. ಕೊನೆಯಲ್ಲಿ ದೇವರು ಸಿಟ್ಟಾಗುವುದು ತನ್ನನ್ನು ಪ್ರಶ್ನಿಸಿದ ಯೋಬನ ಮೇಲಲ್ಲ, ತನ್ನ ಪರ ವಕಾಲತ್ತು ವಹಿಸಿದ ಗೆಳೆಯರ ಮೇಲೆ. ಕಾಂಟ್ 1791ರಲ್ಲಿ ಎಲ್ಲ ದೈವಸಮರ್ಥನೆಗಳೂ ಸೋತಿವೆ ಎಂದು ಪ್ರಬಂಧ ಬರೆದಾಗ ಎತ್ತಿ ಹಿಡಿದದ್ದು ಯೋಬನ ಈ ಪ್ರಾಮಾಣಿಕತೆಯನ್ನೇ. ಗ್ರಂಥದ ಮುಕ್ತಾಯದಲ್ಲಿ ಒಂದು ವಿವರವಿದೆ. ಯೋಬನ ಕುರಿ 7000 ಇದ್ದದ್ದು 14000 ಆಗುತ್ತದೆ, ಒಂಟೆ 3000 ಇದ್ದದ್ದು 6000. ಮಕ್ಕಳು ಮಾತ್ರ ಮೊದಲಿನಷ್ಟೇ: ಏಳು ಗಂಡು, ಮೂರು ಹೆಣ್ಣು. ದನಕರುಗಳನ್ನು ದುಪ್ಪಟ್ಟು ಮಾಡಿ ನಷ್ಟ ತುಂಬಬಹುದು. ಸತ್ತ ಹತ್ತು ಮಕ್ಕಳ ಜಾಗಕ್ಕೆ ಬೇರೆ ಹತ್ತು ಮಕ್ಕಳು ಬಂದರೆ ತುಂಬುತ್ತದೆಯೇ? ಗ್ರಂಥ ಆ ಪ್ರಶ್ನೆಗೆ ಉತ್ತರಿಸುವುದಿಲ್ಲ.

7. ಇತ್ತೀಚಿನ ಉತ್ತರಗಳು

ಇಪ್ಪತ್ತನೆಯ ಶತಮಾನದಲ್ಲಿ ಚರ್ಚೆ ಮತ್ತೆ ಕಾವೇರಿದ್ದು 1955ರಲ್ಲಿ ಜೆ. ಎಲ್. ಮ್ಯಾಕಿ ಬರೆದ ಲೇಖನದಿಂದ. ಸರ್ವಶಕ್ತಿ, ಪೂರ್ಣ ಒಳ್ಳೆಯತನ, ಕೇಡು ಈ ಮೂರನ್ನೂ ಒಟ್ಟಿಗೆ ಒಪ್ಪುವುದು ತರ್ಕವಿರುದ್ಧ ಎಂದರು ಅವರು. ಆಲ್ವಿನ್ ಪ್ಲಾಂಟಿಂಗ ಮನುಷ್ಯಸ್ವಾತಂತ್ರ್ಯದ ಆಧಾರದ ಮೇಲೆ ವಿರೋಧವಿಲ್ಲವೆಂದು ತೋರಿಸಿದರು. ತರ್ಕದ ಮಟ್ಟಿಗೆ ಅದು ದೊಡ್ಡ ಗೆಲುವು. ಆದರೆ ಸ್ವತಂತ್ರನಾದ ಜಮೀನ್ದಾರನ ಸ್ವಾತಂತ್ರ್ಯಕ್ಕೆ ಹುಡುಗ ಏಕೆ ಬೆಲೆ ತೆರಬೇಕು ಎಂಬುದು ಹಾಗೇ ಉಳಿಯಿತು. ಜಾನ್ ಹಿಕ್ 1966ರಲ್ಲಿ, ಈ ಲೋಕ ಆತ್ಮಗಳು ಪಕ್ವಗೊಳ್ಳುವ ಗರಡಿ ಎಂಬ ಉತ್ತರ ಕೊಟ್ಟರು. ಪಕ್ವಗೊಳ್ಳುವ ಮೊದಲೇ ಮುರಿದುಹೋದವರ ಕತೆ ಏನು ಎಂಬ ಪ್ರಶ್ನೆ ಅವರನ್ನೂ ಮರಣಾನಂತರದ ಬದುಕಿನ ಕಡೆಗೆ ತಳ್ಳಿತು.

ನನಗೆ ಮುಖ್ಯವೆನಿಸಿದ ಹೆಜ್ಜೆ ಇಟ್ಟವರು ಮೆರಿಲಿನ್ ಮೆಕಾರ್ಡ್ ಆಡಮ್ಸ್. ಅವರು ತತ್ತ್ವಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದವರು, ಆಂಗ್ಲಿಕನ್ ಪಂಥದ ಗುರುದೀಕ್ಷೆ ಪಡೆದವರು. 1999ರಲ್ಲಿ ಬಂದ ಅವರ ಗ್ರಂಥದ ನಿಲುವು ಇದು: ಒಟ್ಟು ಲೋಕಕ್ಕೆ ದೇವರು ಒಳ್ಳೆಯವನು ಎಂದು ತೋರಿಸಿದರೆ ಸಾಲದು, ಭೀಕರ ಕೇಡಿಗೆ ತುತ್ತಾದ ಪ್ರತಿಯೊಬ್ಬ ವ್ಯಕ್ತಿಗೂ, ಅವಳ ಬದುಕಿನ ಒಳಗೇ, ದೇವರು ಒಳ್ಳೆಯವನಾಗಿರಬೇಕು. ತನ್ನ ಬಾಳು ಬಾಳಲು ಯೋಗ್ಯವಾಗಿತ್ತು ಎಂದು ಕೊನೆಗೆ ಅವಳೇ ಹೇಳುವಂತಾಗಬೇಕು. ಕೇಡು ಏಕೆ ಬಂತು ಎಂಬ ಕಾರಣವನ್ನು ಅವರು ಹೇಳಲು ಹೋಗುವುದಿಲ್ಲ. ನೊಂದವಳ ಜೊತೆ ದೇವರೇ ಶಿಲುಬೆಯಲ್ಲಿ ನೊಂದಿದ್ದಾನೆ, ಆ ಒಡನಾಟವೇ ಅವಳ ಬಾಳನ್ನು ಗೆಲ್ಲಿಸಬಲ್ಲದು ಎನ್ನುತ್ತಾರೆ.

ಈ ಉತ್ತರವನ್ನು ಒಪ್ಪಬೇಕಾದರೆ ಮೊದಲು ಕ್ರೈಸ್ತರಾಗಿರಬೇಕು. ಅದು ಇನ್ನೂ ಈಡೇರದ ಭರವಸೆ, ಸಾಕ್ಷ್ಯವಲ್ಲ. ಆದರೆ ನೀತಿಯ ದೃಷ್ಟಿಯಿಂದ ಅದು ಇಟ್ಟ ಹೆಜ್ಜೆ ನಂಬದವರಿಗೂ ಸಲ್ಲುತ್ತದೆ. ಖಾತೆ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ: ನೊಂದವರ ಹೆಸರಿನಲ್ಲಿ. ಪರಿಹಾರವೋ ಸಮಾಧಾನವೋ ಇರುವುದಾದರೆ ಅದು ಅವರಿಗೇ ಸಲ್ಲಬೇಕು, ಸಲ್ಲಿತೋ ಇಲ್ಲವೋ ಎಂದು ಹೇಳುವ ಹಕ್ಕೂ ಅವರದೇ.

8. ಮುಕ್ತಾಯ

ಇಷ್ಟು ಹೇಳಿದ ಮೇಲೆ ನನ್ನ ನಿಲುವನ್ನು ನೇರವಾಗಿ ಹೇಳಬೇಕು. ಒಟ್ಟು ಒಳಿತಿನ ಹೆಸರಿನಲ್ಲಿ ದೇವರನ್ನು ಸಮರ್ಥಿಸುವುದು ಕೆಟ್ಟ ನೀತಿ. ಅದು ಒಳ್ಳೆಯ ಭಕ್ತಿಯೂ ಅಲ್ಲ. ನೀತಿಯಾಗಿ, ಅದು ಕಾಯಫನ ತರ್ಕವನ್ನು ಸಿಂಹಾಸನಕ್ಕೆ ಏರಿಸುತ್ತದೆ. ಭಕ್ತಿಯಾಗಿ, ಸರ್ವಶಕ್ತನೆಂದು ಕೊಂಡಾಡುತ್ತಲೇ ದೇವರನ್ನು ಬಜೆಟ್ ಸಾಲದ ಅಧಿಕಾರಿಯ ಮಟ್ಟಕ್ಕೆ ಇಳಿಸುತ್ತದೆ. ಮಿಲ್ ಇದನ್ನು ಬಾಯಿಬಿಟ್ಟು ಹೇಳಿದ, ಪೇಲಿ ಹೇಳಲಿಲ್ಲ. ಹಾಗೆಂದು ಮ್ಯಾನ್ಸೆಲ್‌ನಂತೆ ದೇವರ ಒಳ್ಳೆಯತನವೇ ಬೇರೆ ಎಂದು ಪಾರಾಗುವುದೂ ಸಲ್ಲದು. ನಮಗೆ ಅರ್ಥವಾಗುವ ಯಾವ ಬಗೆಯಲ್ಲೂ ಒಳ್ಳೆಯದಲ್ಲದ ಒಳ್ಳೆಯತನವನ್ನು ಆರಾಧಿಸಲು ಕಾರಣವೇ ಉಳಿಯುವುದಿಲ್ಲ.

ಮನುಷ್ಯರ ಆಡಳಿತದಲ್ಲಿ ಲೆಕ್ಕ ತಪ್ಪಿದ್ದಲ್ಲ. ಪಡಿತರ, ಲಸಿಕೆ, ಅಣೆಕಟ್ಟು, ಆಸ್ಪತ್ರೆ ಎಲ್ಲಕ್ಕೂ ಎಣಿಕೆ ಬೇಕು, ಉಪಯುಕ್ತತಾವಾದ ಅಲ್ಲಿ ನಮಗೆ ಕಲಿಸಿದ್ದು ಬಹಳ. ಆದರೆ ಅಣೆಕಟ್ಟಿಗೆ ಊರು ಮುಳುಗಿದವರ ಮುಂದೆ ನಿಂತು, ನಿಮ್ಮ ನಷ್ಟವನ್ನು ನಾಡಿನ ಲಾಭದಲ್ಲಿ ಕಳೆದುಬಿಟ್ಟಿದ್ದೇವೆ ಎನ್ನುವ ಅಧಿಕಾರ ಆ ಎಣಿಕೆಯಿಂದ ಬರುವುದಿಲ್ಲ. ನಿರ್ಧಾರ ಅನಿವಾರ್ಯವಾಗಿತ್ತು ಎಂದು ಹೇಳಬಹುದು. ಆಗ ಅವರಿಗೆ ಸಲ್ಲಬೇಕಾದದ್ದು ಬಾಕಿ ಇದೆ ಎಂದೂ ಒಪ್ಪಬೇಕು. ಅನಿವಾರ್ಯವಾದದ್ದೆಲ್ಲ ಋಣಮುಕ್ತವಲ್ಲ.

ದೇವರನ್ನು ನಂಬುವವರು ಮತ್ತು ನಂಬದವರು ಕೇಡಿನ ಕಾರಣದ ಬಗ್ಗೆ ಒಮ್ಮತಕ್ಕೆ ಬರುತ್ತಾರೆಂದು ನಾನು ಆಶಿಸುವುದಿಲ್ಲ. ಒಂದು ವಿಷಯದಲ್ಲಿ ಬರಬಹುದು. ಇನ್ನೊಬ್ಬರ ಸಂಕಟಕ್ಕೆ ಅವರ ಬೆನ್ನ ಹಿಂದೆ ಅರ್ಥ ಹಚ್ಚುವ ಕೆಲಸವನ್ನು ಇಬ್ಬರೂ ಬಿಡಬಹುದು. ದೈವಭಕ್ತ ಜಾನ್ಸನ್ನೂ ದೇವರ ಮೇಲೆ ಬಂಡೆದ್ದ ಇವಾನನೂ ಅದನ್ನೇ ಕೇಳಿದ್ದು. ಈ ದತ್ತಿಯ ವೇದಿಕೆಯಿಂದ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ನಾನು ಹೇಳಬಹುದಾದದ್ದು ಇಷ್ಟೇ: ಮುಂದೆ ಯಾರೇ ನಿಮ್ಮೆದುರು ಒಟ್ಟು ಒಳಿತಿನ ವಾದ ಮುಂದಿಟ್ಟರೂ, ಅವರು ದೇವರ ಪರವಾಗಿರಲಿ, ಸರ್ಕಾರದ ಪರವಾಗಿರಲಿ, ಆ ಒಳಿತು ನೊಂದವರಿಗೆ ತಲುಪಿತೇ ಎಂದು ಮೊದಲು ಕೇಳಿ. ತಲುಪಿಲ್ಲ ಎಂದಾದರೆ ವಾದ ಎಷ್ಟೇ ಚೆನ್ನಾಗಿದ್ದರೂ ಅದು ಇನ್ನೂ ಮುಗಿದಿಲ್ಲ.